ಫ್ಲ್ಯಾಟ್ ಖರೀದಿ: ಕಾಗದಪತ್ರ ನೋಡಲು ವಕೀಲರಿದ್ದಾರೆ, ಗೋಡೆ ನೋಡುವವರು ಯಾರು?

ಎರಡು ಲಕ್ಷ ರೂಪಾಯಿಯ ಹಳೆ ಕಾರು ಕೊಳ್ಳುವವರೂ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜತೆಗೆ ಕರೆದೊಯ್ಯುತ್ತಾರೆ. ಕೋಟಿ ರೂಪಾಯಿಯ ಫ್ಲ್ಯಾಟ್ ನೋಡಲು ಹೋಗುವಾಗ ಮಾತ್ರ ಜತೆಗಿರುವುದು ಬ್ರೋಕರ್. ಕ್ರಯಪತ್ರ, ಖಾತಾ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರು ಸಾಲು ಬಿಡದೆ ಓದುತ್ತಾರೆ. ಸ್ನಾನದ ಮನೆಯ ಗೋಡೆಯ ಹಿಂದೆ ನೀರು ಜಿನುಗುತ್ತಿದೆಯೇ, ಪ್ಲಗ್ ಪಾಯಿಂಟ್‌ಗಳಿಗೆ ಅರ್ಥಿಂಗ್ ಇದೆಯೇ ಎಂದು ನೋಡುವವರಿಲ್ಲ.

ಈ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ಮನೆ ತಪಾಸಣೆ ಕಂಪನಿಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು, ದೆಹಲಿಗಳಲ್ಲಿ ಈಗ ಕಾಣಿಸಿಕೊಂಡಿವೆ. ತೇವಾಂಶ ಅಳೆಯುವ ಮೀಟರ್, ಥರ್ಮಲ್ ಕ್ಯಾಮೆರಾ, ಲೇಸರ್ ಲೆವೆಲ್ ಹಿಡಿದು ಬರುವ ಎಂಜಿನಿಯರ್‌ಗಳು ಟೈಲ್ಸ್ ತಟ್ಟಿ ಟೊಳ್ಳು ಸದ್ದು ಕೇಳುತ್ತಾರೆ, ಬಾಲ್ಕನಿಗೆ ನೀರು ಸುರಿದು ಇಳಿಜಾರು ಪರೀಕ್ಷಿಸುತ್ತಾರೆ, ಫೋಟೊ ಸಹಿತ ವರದಿ ಕೊಡುತ್ತಾರೆ. ಶುಲ್ಕ ಸಾಮಾನ್ಯವಾಗಿ ಚದರಡಿ ಲೆಕ್ಕದಲ್ಲಿ. ದೂರದೂರಲ್ಲಿ ಕೆಲಸ ಮಾಡುತ್ತಾ ಬೆಂಗಳೂರಿನಲ್ಲೊಂದು ಮನೆ ಮಾಡಿಕೊಳ್ಳಲು ಹೊರಟ ಹೊರನಾಡ ಕನ್ನಡಿಗರಿಗಂತೂ ಇದು ಉಪಯೋಗದ ಸೇವೆ. ಶನಿವಾರ ಬಂದು ಭಾನುವಾರ ರಾತ್ರಿ ಬಸ್ ಹತ್ತುವವರಿಗೆ ಹೊಸ ಪೇಂಟ್ ಬಿಟ್ಟು ಬೇರೇನೂ ಕಾಣುವುದಿಲ್ಲ.

ಬ್ಯಾಂಕಿನವರು ನೋಡಿದ್ದಾರಲ್ಲ?

‘ಸಾಲ ಮಂಜೂರಾಗಿದೆ, ಅಂದರೆ ಮನೆ ಚೆನ್ನಾಗಿದೆ’ ಎಂಬ ನಂಬಿಕೆ ವ್ಯಾಪಕ. ಆದರೆ ಬ್ಯಾಂಕ್ ಕಳಿಸುವ ಮೌಲ್ಯಮಾಪಕರ ಮುಖ್ಯ ಕೆಲಸ, ಸಾಲ ಮುಳುಗಿದರೆ ಆಸ್ತಿ ಮಾರಿ ಹಣ ವಸೂಲಾದೀತೇ ಎಂದು ನೋಡುವುದು. ಅಡುಗೆಮನೆ ಸಿಂಕ್‌ನ ಪೈಪ್ ಸೋರುತ್ತಿರುವುದು ಅವರ ವರದಿಯ ವಿಷಯವಲ್ಲ.

ಕಾನೂನಿನ ಬೆಂಬಲ ಹೊಸ ಮನೆಗೆ ಒಂದು ರೀತಿ, ಹಳೆ ಮನೆಗೆ ಇನ್ನೊಂದು ರೀತಿ. 2016ರ ರೇರಾ ಕಾಯ್ದೆಯ ಸೆಕ್ಷನ್ 14(3)ರ ಪ್ರಕಾರ, ಮನೆ ಹಸ್ತಾಂತರಿಸಿದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆ, ಕಾಮಗಾರಿ ಅಥವಾ ಗುಣಮಟ್ಟದ ದೋಷವನ್ನು ಗಮನಕ್ಕೆ ತಂದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೇಳಬಹುದು. ಮೊದಲ ಖರೀದಿದಾರರಿಂದ ಮನೆ ಕೊಂಡವರೂ ಕಾಯ್ದೆಯ ಪ್ರಕಾರ ‘ಹಂಚಿಕೆದಾರ’ರೇ. ಹೀಗಾಗಿ ಐದು ವರ್ಷ ತುಂಬದ ಮನೆಯನ್ನು ಮರುಮಾರಾಟದಲ್ಲಿ ಕೊಳ್ಳುವವರು ಮೂಲ ಹಸ್ತಾಂತರ ಪತ್ರದ ದಿನಾಂಕವನ್ನು ಮೊದಲು ಕೇಳಬೇಕು. ನಾಲ್ಕೂವರೆ ವರ್ಷ ಕಳೆದಿದ್ದರೆ ತಪಾಸಣೆ ಮುಂದೂಡುವುದು ಹಕ್ಕನ್ನೇ ಕೈಬಿಟ್ಟಂತೆ.

ಹಳೆ ಮನೆಯ ವಿಷಯದಲ್ಲಿ ಆಸರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ತನಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು ಎನ್ನುತ್ತದೆ ಸೆಕ್ಷನ್ 55. ಆದರೆ ಅಲ್ಲೇ ಒಂದು ಕೊಕ್ಕೆ: ಸಾಮಾನ್ಯ ಎಚ್ಚರ ವಹಿಸಿದ್ದರೆ ಖರೀದಿದಾರರೇ ಪತ್ತೆ ಮಾಡಬಹುದಾಗಿದ್ದ ದೋಷಕ್ಕೆ ಈ ಹೊಣೆ ಇಲ್ಲ. ತೇವದ ಕಲೆ ಕಣ್ಣೆದುರೇ ಇತ್ತಲ್ಲ ಎಂದು ಮಾರಿದವರು ವಾದಿಸಿದರೆ ಕೊಂಡವರ ಪಾಡು ಕಷ್ಟ.

ಗುರುಗ್ರಾಮದ ಪಾಠ

ತಪಾಸಣೆ ಎಂದರೆ ಸರ್ವರೋಗಕ್ಕೂ ಮದ್ದು ಎಂಬ ಜಾಹೀರಾತನ್ನು ಪೂರ್ತಿ ನಂಬುವಂತಿಲ್ಲ. 2022ರ ಫೆಬ್ರವರಿ 10ರಂದು ಗುರುಗ್ರಾಮದ ಚಿಂಟೆಲ್ಸ್ ಪ್ಯಾರಡೈಸೊ ಸಮುಚ್ಚಯದ ಡಿ ಟವರ್‌ನಲ್ಲಿ ಆರನೇ ಮಹಡಿಯಿಂದ ಕೆಳಕ್ಕೆ ಒಂದರ ಮೇಲೊಂದು ಸ್ಲ್ಯಾಬ್ ಕುಸಿದು ಇಬ್ಬರು ಮಹಿಳೆಯರು ಸತ್ತರು. ಐಐಟಿ ದೆಹಲಿಯ ತಜ್ಞರು ಕಾಂಕ್ರೀಟ್‌ನಲ್ಲಿ ಕ್ಲೋರೈಡ್ ಅಂಶವಿದ್ದು ಕಬ್ಬಿಣ ತುಕ್ಕು ಹಿಡಿದಿರುವುದನ್ನು ಪತ್ತೆ ಹಚ್ಚಿ, ಟವರ್ ವಾಸಕ್ಕೆ ಯೋಗ್ಯವಲ್ಲ ಎಂದರು. ದೆಹಲಿ ಮುಖರ್ಜಿ ನಗರದ ಸಿಗ್ನೇಚರ್ ವ್ಯೂ ಕಟ್ಟಿಸಿದ್ದು ಖಾಸಗಿ ಬಿಲ್ಡರ್ ಅಲ್ಲ, ಸ್ವತಃ ದೆಹಲಿ ಅಭಿವೃದ್ಧಿ ಪ್ರಾಧಿಕಾರ. ಅಲ್ಲಿನ 336 ಫ್ಲ್ಯಾಟ್‌ಗಳೂ ಅಪಾಯಕಾರಿ ಎಂದಾಗಿ, ತೆರವಿಗೆ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ಕಾಂಕ್ರೀಟ್‌ನ ಒಳಗಿನ ಕ್ಲೋರೈಡ್ ಟೈಲ್ಸ್ ತಟ್ಟಿದರೆ ಗೊತ್ತಾಗದು. ಅದಕ್ಕೆ ಸ್ಲ್ಯಾಬ್‌ನಿಂದ ಮಾದರಿ ಕೊರೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದು ಫ್ಲ್ಯಾಟ್‌ನ ಮಾಲೀಕರು ಒಬ್ಬರೇ ಮಾಡಿಸುವ ಕೆಲಸ ಅದಲ್ಲ, ಸಂಘ ಒಟ್ಟಾಗಿ ಮಾಡಿಸಬೇಕಾದ್ದು. ಆದರೆ ಚಾವಣಿಯ ಪ್ಲಾಸ್ಟರ್ ಉದುರುವುದು, ಕಂದು ಬಣ್ಣದ ತುಕ್ಕಿನ ಗೆರೆ, ಕಂಬದುದ್ದಕ್ಕೂ ಬಿರುಕು ಇವೆಲ್ಲ ಮುನ್ಸೂಚನೆಗಳು. ಅವನ್ನು ಗುರುತಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ ಎಂದು ಬರೆದುಕೊಡುವಷ್ಟು ಪ್ರಾಮಾಣಿಕತೆ ತಪಾಸಕರಲ್ಲಿದ್ದರೆ ಕೊಟ್ಟ ದುಡ್ಡು ಸಾರ್ಥಕ.

ಮುಂಬೈನಲ್ಲಿ ಹಳೆ ಫ್ಲ್ಯಾಟ್ ಕೊಳ್ಳುವವರಿಗೆ ಇನ್ನೊಂದು ದಾರಿಯಿದೆ. ಅಲ್ಲಿನ ಪಾಲಿಕೆ ಕಾಯ್ದೆಯ ಸೆಕ್ಷನ್ 353ಬಿ ಪ್ರಕಾರ 30 ವರ್ಷ ಮೀರಿದ ಕಟ್ಟಡಗಳನ್ನು ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್‌ಗಳಿಂದ ಪರೀಕ್ಷೆ ಮಾಡಿಸಲೇಬೇಕು. ಅಪಾಯಕಾರಿ ಕಟ್ಟಡಗಳನ್ನು ವರ್ಗೀಕರಿಸುವಾಗ ಸಿ1 ಎಂದರೆ ತಕ್ಷಣ ಖಾಲಿ ಮಾಡಿ ಕೆಡವಬೇಕಾದ್ದು, ಸಿ2ಎ ಎಂದರೆ ಖಾಲಿ ಮಾಡಿ ದುರಸ್ತಿ ಮಾಡಬೇಕಾದ್ದು, ಸಿ2ಬಿ ಎಂದರೆ ಜನ ಇರುವಾಗಲೇ ದುರಸ್ತಿ ಸಾಧ್ಯವಾದದ್ದು, ಸಿ3 ಎಂದರೆ ಸಣ್ಣ ರಿಪೇರಿ ಸಾಕಾಗುವುದು. ಸೊಸೈಟಿಯ ಎನ್‌ಒಸಿ ಕೇಳುವಾಗಲೇ ಕೊನೆಯ ಸ್ಟ್ರಕ್ಚರಲ್ ಆಡಿಟ್ ವರದಿಯ ಪ್ರತಿ ಕೇಳುವುದಕ್ಕೆ ಖರ್ಚಿಲ್ಲ. ಕೊಡಲು ಕಾರ್ಯದರ್ಶಿ ಹಿಂದೇಟು ಹಾಕಿದರೆ ಅದೂ ಒಂದು ಮಾಹಿತಿಯೇ.

ಟೋಕನ್‌ಗಿಂತ ಮೊದಲೋ, ಆಮೇಲೋ?

ಅಮೆರಿಕದಲ್ಲಿ ತಪಾಸಣೆಯ ಫಲಿತಾಂಶ ನೋಡಿ ಬೆಲೆ ಇಳಿಸಲು ಅಥವಾ ಹಿಂದೆ ಸರಿಯಲು ಅವಕಾಶವಿರುವ ಷರತ್ತನ್ನು ಖರೀದಿ ಒಪ್ಪಂದದಲ್ಲೇ ಸೇರಿಸುವುದು ಸಾಮಾನ್ಯ. ಇಲ್ಲಿ ಮೊದಲು ಟೋಕನ್ ಹಣ, ಆಮೇಲೆ ಮಾತು. ಟೋಕನ್ ಕೊಟ್ಟ ಮೇಲೆ ಬಂದ ವರದಿಯಿಂದ ಚೌಕಾಸಿಗೆ ಸಿಗುವ ಬಲ ಕಡಿಮೆ. ತಪಾಸಣೆಯ ಷರತ್ತನ್ನು ಟೋಕನ್ ರಸೀದಿಯಲ್ಲೇ ಒಂದು ಸಾಲಿನಲ್ಲಿ ಬರೆಸಿಕೊಳ್ಳಲು ಕಾನೂನಿನ ಅಡ್ಡಿಯೇನಿಲ್ಲ, ರೂಢಿಯಷ್ಟೇ ಇಲ್ಲ. ಮಾರುವವರಿಗೂ ಇದರಿಂದ ನಷ್ಟವಿಲ್ಲ. ಮೊದಲೇ ತಪಾಸಣೆ ಮಾಡಿಸಿ ಸೋರಿಕೆ ಸರಿಪಡಿಸಿಕೊಂಡವರಿಗೆ, ಹತ್ತು ಸಾವಿರದ ರಿಪೇರಿ ತೋರಿಸಿ ಲಕ್ಷ ರೂಪಾಯಿ ಇಳಿಸಲು ಕೂರುವ ಗಿರಾಕಿಯ ಕಾಟ ತಪ್ಪುತ್ತದೆ.

ಕೊರತೆ ಇರುವುದು ಇನ್ನೊಂದು ಕಡೆ. ರೇರಾ ಬಂದ ಮೇಲೆ ಬ್ರೋಕರ್‌ಗಳೂ ನೋಂದಣಿ ಮಾಡಿಸಬೇಕು. ಮನೆ ತಪಾಸಕರಿಗೆ ಮಾತ್ರ ಪ್ರತ್ಯೇಕ ಪರವಾನಗಿಯ ಕಾನೂನಿಲ್ಲ. ಮೀಟರ್ ಕೊಂಡವರೆಲ್ಲ ತಪಾಸಕರಾಗಬಹುದು. ಸೋರಿಕೆ ಪತ್ತೆ ಮಾಡಿದ ಕಂಪನಿಯೇ ವಾಟರ್‌ಪ್ರೂಫಿಂಗ್ ಗುತ್ತಿಗೆಯನ್ನೂ ಕೇಳುತ್ತಿದ್ದರೆ, ಅಥವಾ ಬ್ರೋಕರ್ ತಾನೇ ತಪಾಸಕರನ್ನು ಕರೆತಂದರೆ, ಆ ವರದಿಯನ್ನು ಎಷ್ಟು ನಂಬುವುದು? ಸದ್ಯಕ್ಕೆ ಖರೀದಿದಾರರೇ ಎಂಜಿನಿಯರ್ ಅರ್ಹತೆ ಕೇಳಿ, ಹಿಂದಿನ ವರದಿಯೊಂದರ ಮಾದರಿ ತರಿಸಿಕೊಂಡು, ಸಹಿ ಮಾಡಿದ ಪ್ರತಿ ಕೊಡುತ್ತಾರೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕಿದೆ. ಮುಂದೆ ರೇರಾ ಮುಂದೆ ದೂರು ಒಯ್ಯುವ ಪ್ರಸಂಗ ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗಳಿಗಿಂತ ದಿನಾಂಕ, ಸಹಿ ಇರುವ ವರದಿಗೆ ಹೆಚ್ಚು ತೂಕ.