ಸಿರಿವಂತರ ದಾನವೂ ಬಡವರ ಕಾಲೇಜೂ

2023ರಲ್ಲಿ ನಂದನ್ ನಿಲೇಕಣಿಯವರು ತಾವು ಕಲಿತ ಮುಂಬೈ ಐಐಟಿಗೆ 315 ಕೋಟಿ ರೂಪಾಯಿಗಳ ದಾನ ಘೋಷಿಸಿದರು. ಮರುವರ್ಷ ಮದ್ರಾಸ್ ಐಐಟಿಗೆ ಅದರ ಹಳೆ ವಿದ್ಯಾರ್ಥಿ ಕೃಷ್ಣ ಚಿವುಕುಲ 228 ಕೋಟಿ ನೀಡಿದರು. ಕಲಿತ ಸಂಸ್ಥೆಯ ಋಣ ತೀರಿಸುವ ಈ ಮನೋಭಾವ ಅಭಿನಂದನಾರ್ಹವೇ ಸರಿ. ಆದರೆ ಇಂತಹ ಸುದ್ದಿಗಳನ್ನು ಓದುವಾಗ ಬೆಂಗಳೂರಿನ ಕೆ.ಆರ್. ವೃತ್ತದ ಯುವಿಸಿಇ ನೆನಪಾಗದಿರದು.

ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ ಆರಂಭವಾದ ಕಾಲೇಜದು. ದಶಕಗಳ ಕಾಲ ಬೆಂಗಳೂರು ವಿಶ್ವವಿದ್ಯಾನಿಲಯದ ಅಂಗವಾಗಿದ್ದು, ಕಡಿಮೆ ಶುಲ್ಕದಲ್ಲಿ ಬಡವರ ಮಕ್ಕಳನ್ನೂ ಇಂಜಿನಿಯರ್‌ಗಳನ್ನಾಗಿಸಿತು. 2021ರ ಕಾಯ್ದೆ ಅದಕ್ಕೆ ಸ್ವಾಯತ್ತ ವಿಶ್ವವಿದ್ಯಾನಿಲಯದ ಸ್ಥಾನ ನೀಡಿತು. ಐಐಟಿ ಮಾದರಿಯಲ್ಲಿ ಬೆಳೆಸುವ ಮಾತನ್ನೂ ಸರಕಾರ ಆಡಿತು. ಮಾದರಿಯನ್ನು ಕಾಯ್ದೆಯಿಂದ ತರಬಹುದು. ಅದಕ್ಕೆ ತಗಲುವ ಹಣವನ್ನು ತರುವವರು ಯಾರು?

ವಿದ್ಯೆಗಾಗಿ ಕೈಚಾಚುವುದು ಅವಮಾನವಲ್ಲ. ಅಲಿಘರ್ ಕಾಲೇಜಿಗಾಗಿ ಸರ್ ಸೈಯದ್ ಅಹ್ಮದ್ ಖಾನ್ ಊರೂರು ಸುತ್ತಿ ಚಂದಾ ಎತ್ತಿದರು. ಮದನಮೋಹನ ಮಾಲವೀಯರು ರಾಜರಿಂದಲೂ ಜನಸಾಮಾನ್ಯರಿಂದಲೂ ಬೇಡಿ 1916ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಅದರ ಪ್ರಥಮ ಕುಲಾಧಿಪತಿಗಳಾದರು. ಅಲ್ಲಿ 1919ರಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜೇ ಇಂದಿನ ಬನಾರಸ್ ಐಐಟಿಯ ಬೇರು. ಅಲಿಘರ್‌ನಲ್ಲಿಯೂ 1935ರಲ್ಲಿ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿತು.

ದುರದೃಷ್ಟವೆಂದರೆ, ಇಂದು ದೊಡ್ಡ ದಾನಗಳು ಈಗಾಗಲೇ ತುಂಬಿದ ಕೊಡಕ್ಕೇ ಹರಿಯುತ್ತಿವೆ. ರಾಜ್ಯದ ವಿಶ್ವವಿದ್ಯಾನಿಲಯಗಳ ಕಾಲೇಜುಗಳಲ್ಲಿ ಕಲಿತು ದೇಶ-ವಿದೇಶಗಳಲ್ಲಿ ಸ್ಥಿತಿವಂತರಾದವರು ಕಡಿಮೆಯಿಲ್ಲ. ಅವರು ತಮ್ಮ ಕಾಲೇಜಿನತ್ತ ತಿರುಗಬೇಕಾಗಿದೆ. ಆದರೆ ಅವರ ಹಣ ನಂಬಿಕೆಯನ್ನೂ ಬೇಡುತ್ತದೆ. ಬಂದದ್ದೆಷ್ಟು, ವೆಚ್ಚವಾದದ್ದೆಲ್ಲಿ ಎಂಬ ಲೆಕ್ಕ ವರ್ಷವರ್ಷವೂ ಬಹಿರಂಗವಾಗಬೇಕು. ಕಟ್ಟಡ ಕಟ್ಟಿಸಿ ಹೆಸರಿನ ಫಲಕ ಹಾಕಿಸುವುದು ಸುಲಭ. ಪ್ರಯೋಗಾಲಯದ ಯಂತ್ರಗಳ ದುರಸ್ತಿಗೆ, ವಿದ್ಯಾರ್ಥಿವೇತನಕ್ಕೆ ಕೊಡುವವರು ವಿರಳ. ಮೂಲಧನವನ್ನು ಮುಟ್ಟದೆ ಅದರ ಆದಾಯದಿಂದಲೇ ಈ ಕೆಲಸಗಳನ್ನು ನಡೆಸುವ ಶಾಶ್ವತ ನಿಧಿ ಇಲ್ಲಿನ ಮುಖ್ಯ ಅಗತ್ಯ.

ಇನ್ನೊಂದು ಎಚ್ಚರವೂ ಬೇಕು. 'ಡೊನೇಶನ್' ಎಂಬ ಪದವನ್ನು ಕೆಡಿಸಿದ ರಾಜ್ಯ ನಮ್ಮದು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು 1984ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಆದ್ದರಿಂದ ದಾನಿಗೆ ಕೃತಜ್ಞತೆ ಸಲ್ಲಲಿ. ಸೀಟಿನ ಮೇಲಾಗಲಿ, ಅಧ್ಯಾಪಕರ ನೇಮಕದ ಮೇಲಾಗಲಿ ಹಕ್ಕು ಸಲ್ಲಬಾರದು. ಹಾಗೆಯೇ, ದಾನ ಬಂತೆಂದು ಸರಕಾರ ತನ್ನ ಅನುದಾನಕ್ಕೆ ಕತ್ತರಿ ಹಾಕಿದರೆ ಅದು ಕೊಟ್ಟವರಿಗೂ ಕಲಿಯುವವರಿಗೂ ಬಗೆವ ದ್ರೋಹ. ಖಾಸಗಿ ದಾನ ಸರಕಾರದ ಹೊಣೆಗೆ ಪೂರಕವಾಗಬೇಕೇ ಹೊರತು ಪರ್ಯಾಯವಾಗಬಾರದು. ಹೊರಗಿನಿಂದ ಎಷ್ಟೇ ಹಣ ಬರಲಿ, ಶುಲ್ಕ ಕಟ್ಟಲಾಗದ ಮನೆಯ ಮಗುವಿಗೆ ಆ ಕಾಲೇಜಿನ ಬಾಗಿಲು ಮುಚ್ಚಿದರೆ ದಾನದ ಅರ್ಥವೇ ಅಲ್ಲಿಗೆ ಮುಗಿಯುತ್ತದೆ.