ಅಂಚಿನ ಟಿಪ್ಪಣಿಯೂ ಅಂಕದ ಯಂತ್ರವೂ

ಕಾಲೇಜಿನ ಇಂಗ್ಲಿಷ್ ತಾಸು ನಾಡಿನ ಹಲವೆಡೆಗಳಲ್ಲಿ ಹೇಗೆ ನಡೆಯುವದೆಂಬುದನ್ನು ವಾಚಕರು ಬಲ್ಲರು. ಅಧ್ಯಾಪಕರು ಓದುವರು, ವಿದ್ಯಾರ್ಥಿಗಳು ಕೇಳುವರು. ಪರೀಕ್ಷೆ ಸಮೀಪಿಸಲು ಪಠ್ಯವನ್ನು ಬದಿಗಿಟ್ಟು ಗೈಡನ್ನು ಕೈಗೆತ್ತಿಕೊಳ್ಳುವರು. ಈ ರೋಗಕ್ಕೆ ಈಗ ಕೆಲವರು ಮದ್ದೊಂದನ್ನು ಸೂಚಿಸುತ್ತಿದ್ದಾರೆ. ಪೆರುಸಾಲ್, ಹೈಪಾಥಿಸಿಸ್ ಮುಂತಾದ ಅಂತರ್ಜಾಲ ಸಾಧನಗಳಲ್ಲಿ ತರಗತಿಯವರೆಲ್ಲ ತಮ್ಮ ತಮ್ಮ ಮನೆಯಲ್ಲಿದ್ದುಕೊಂಡೇ ಒಂದೇ ಪಾಠವನ್ನು ತೆರೆದು, ತಿಳಿಯದ ಸಾಲಿನ ಅಂಚಿನಲ್ಲಿ ಪ್ರಶ್ನೆ ಬರೆಯಬಹುದು. ಇನ್ನೊಬ್ಬರು ಅಲ್ಲಿಯೇ ಉತ್ತರಿಸಬಹುದು.

ಇದು ಪರದೇಶದ ಹುಚ್ಚೆಂದು ಮೂಗು ಮುರಿಯುವವರಿದ್ದಾರೆ. ಅವರು ನಮ್ಮ ತಾಳಮದ್ದಳೆಯನ್ನು ಮರೆತರೇ? ಭಾಗವತನು ಹಾಡಿದ ಪದ್ಯಕ್ಕೆ ಒಬ್ಬ ಅರ್ಥಧಾರಿ ಹೇಳಿದ ಅರ್ಥವನ್ನು ಮತ್ತೊಬ್ಬನು ಪ್ರಶ್ನಿಸುವನು. ಸಭೆಯು ಕಿವಿಗೊಟ್ಟು ಕೇಳುವದು. ಕೂಡಿ ಕೇಳುವದು, ಕೇಳಿದ್ದನ್ನು ಕುರಿತು ವಾದಿಸುವದು ಈ ಜಿಲ್ಲೆಗೆ ಹೊಸದಲ್ಲ. ಹೊಸದೇನಿದ್ದರೂ ಇಂಗ್ಲಿಷ್ ತರಗತಿಯ ಮೌನವೇ.

ಆದರೆ ಸಾಧನವನ್ನು ತಂದ ಮಾತ್ರಕ್ಕೆ ಆ ಮೌನವು ಒಡೆಯುವದೆಂದು ನಂಬುವವರೊಡನೆಯೂ ನಮ್ಮ ಜಗಳವುಂಟು. ಹಾರ್ವರ್ಡಿನ ಎರಿಕ್ ಮಝೂರ್ ಮೊದಲಾದವರು ರೂಪಿಸಿದ ಪೆರುಸಾಲಿನಲ್ಲಿ ಟಿಪ್ಪಣಿಗಳಿಗೆ ಯಂತ್ರವೇ ಅಂಕವಿಡುವ ಏರ್ಪಾಡಿದೆ. ಅಧ್ಯಾಪಕರು ಬೇಡವೆಂದರೆ ಅದನ್ನು ನಿಲ್ಲಿಸಲೂಬಹುದು. ನಿಲ್ಲಿಸಲೇಬೇಕೆಂಬುದು ನಮ್ಮ ವಾದ. ಅಂಕಕ್ಕಾಗಿ ಬರೆಯತೊಡಗಿದ ವಿದ್ಯಾರ್ಥಿಯು ಗೈಡಿನ ವಾಕ್ಯವನ್ನೇ ಅಂಚಿಗೆ ಸಾಗಿಸುವನು. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ಆ ಶ್ರಮವೂ ಬೇಕಿಲ್ಲ. ಯಂತ್ರವು ಬರೆದುದನ್ನು ಯಂತ್ರವೇ ತೂಗಿದರೆ ಓದಿದವರಾರು?

ಎರಡನೆಯ ಮಾತು. ಕಾರವಾರದ ಕಡಲ ಕೇರಿಯಲ್ಲಿ ಕೊಂಕಣಿಯನ್ನೋ ಅಂಕೋಲೆಯ ಹಳ್ಳಿಯಲ್ಲಿ ಕನ್ನಡವನ್ನೋ ಆಡುವ ಮನೆಯಿಂದ ಬಂದ ಹುಡುಗಿಯು ತರಗತಿಯಲ್ಲಿ ಬಾಯಿ ಬಿಡದಿದ್ದರೆ, ಅದು ಬುದ್ಧಿಯ ಕೊರತೆಯಿಂದಲ್ಲ, ತಪ್ಪಿದರೆ ನಕ್ಕಾರೆಂಬ ಅಂಜಿಕೆಯಿಂದ. ಅಂಚಿನಲ್ಲಿಯೂ ಶುದ್ಧ ಇಂಗ್ಲಿಷಿನಲ್ಲಿಯೇ ಕೇಳಬೇಕೆಂದು ಕಟ್ಟುಮಾಡಿದರೆ ಆ ಅಂಜಿಕೆಯು ಅಲ್ಲಿಗೂ ಬೆನ್ನಟ್ಟಿ ಬರುವದು. ಮೊದಲ ಪ್ರಶ್ನೆಯು ಅವಳ ನುಡಿಯಲ್ಲಿಯೇ ಇರಲಿ. ಉತ್ತರವು ಅವಳನ್ನು ಮೆಲ್ಲನೆ ಇಂಗ್ಲಿಷಿಗೆ ಕರೆದೊಯ್ಯಲಿ.

ದಿನಕರ ದೇಸಾಯರು ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟ್ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಶತಾಬ್ದಿ ಕಾಲೇಜನ್ನು ತೆರೆದಾಗ ಉಚ್ಚ ಶಿಕ್ಷಣವು ಹಳ್ಳಿಯ ಮಕ್ಕಳ ಬಾಗಿಲಿಗೆ ಬಂತು. ಒಳಗೆ ಬಂದ ಮಕ್ಕಳಿಗೆ ಮಾತಾಡುವ ಹಕ್ಕನ್ನೂ ಕೊಡುವದು ಈ ಜಿಲ್ಲೆಯ ಎಲ್ಲ ಅಧ್ಯಾಪಕರ ಹೊಣೆ. ಸಾಧನವು ಬರಲಿ, ಆದರೆ ಟಿಪ್ಪಣಿಗಳನ್ನು ಅಧ್ಯಾಪಕರೇ ಓದಲಿ, ಮರುದಿನದ ತಾಸು ಅವುಗಳಿಂದಲೇ ಆರಂಭವಾಗಲಿ. ಅದಾಗದಿದ್ದರೆ ಹಳೆಯ ಗೈಡೇ ಹೊಸ ವೇಷ ಕಟ್ಟಿ ಬಂತೆಂದು ತಿಳಿಯತಕ್ಕದ್ದು.