ಹುಲ್ಲುಹಾಸಿಗೂ ವಿಷದ ಉಪಚಾರವೇ?

ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳ ಒಳಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ಒಪ್ಪವಾಗಿ ಕತ್ತರಿಸಿದ ಹುಲ್ಲುಹಾಸು. ಸಂಜೆ ಮಕ್ಕಳು ಬರಿಗಾಲಲ್ಲಿ ಓಡುವುದೂ ಹಿರಿಯರು ಕುಳಿತು ಹರಟುವುದೂ ಅಲ್ಲಿಯೇ. ಬೆಳಿಗ್ಗೆ ಮಾಲಿ ಆ ಹುಲ್ಲಿಗೆ ಏನನ್ನು ಸಿಂಪಡಿಸಿದ ಎಂದು ವಿಚಾರಿಸುವವರು ವಿರಳ. ವಿಚಾರಿಸಿದರೂ ದೊರೆಯುವ ಉತ್ತರ ಒಂದೇ: ‘ಔಷಧಿ’. ವಿಷಕ್ಕೆ ಔಷಧಿಯೆಂದು ಹೆಸರಿಟ್ಟ ದಿನವೇ ನಾವು ಪ್ರಶ್ನಿಸುವುದನ್ನೂ ಬಿಟ್ಟೆವೇನೋ.

ಗೆದ್ದಲು, ಗೊಣ್ಣೆಹುಳುಗಳ ನಿವಾರಣೆಗೆ ಬಳಕೆಯಾಗುವ ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನೇ ನೋಡಿ. ಮಕ್ಕಳ ನರವ್ಯೂಹದ ಬೆಳವಣಿಗೆಗೆ ಅದು ಮಾರಕವೆಂಬ ಆತಂಕದಿಂದ ಅಮೆರಿಕ 2001ರ ವೇಳೆಗೇ ಅದನ್ನು ಬಹುತೇಕ ಎಲ್ಲ ಮನೆಬಳಕೆಯಿಂದ ಹೊರಗಿಟ್ಟಿತು. 2025ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು, ಕೆಲವು ವಿನಾಯಿತಿಗಳೊಂದಿಗೆ, ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು. ಕಳೆನಾಶಕ ಗ್ಲೈಫೋಸೇಟನ್ನು ಕೀಟನಿಯಂತ್ರಣ ನಿರ್ವಾಹಕರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಹೀಗಿರುವಾಗ, ಕೈಗವಸೂ ಇಲ್ಲದೆ ಪಂಪು ಬೆನ್ನಿಗೇರಿಸಿಕೊಳ್ಳುವ ಮಾಲಿಯ ಆರೋಗ್ಯಕ್ಕೆ ಹೊಣೆ ಯಾರು? ಅವನಿಗೆ ಸಂಬಳ ಕೊಡುವ ನಾವೇ ಅಲ್ಲವೇ?

ರಾಸಾಯನಿಕವಿಲ್ಲದೆ ಹುಲ್ಲುಹಾಸು ಉಳಿಯದೆಂಬ ವಾದವಿದೆ. ವಾಸ್ತವದಲ್ಲಿ ಅದರ ಅರ್ಧ ರೋಗ ಉಪಚಾರದಿಂದಲೇ ಬಂದದ್ದು. ಶೇ 46ರಷ್ಟು ಸಾರಜನಕವಿರುವ ಯೂರಿಯಾ ಎರಚಿದರೆ ವಾರದೊಳಗೆ ಹುಲ್ಲು ಕಡುಹಸಿರಾಗುತ್ತದೆ, ನಿಜ. ಆದರೆ ಆ ಮೆದು ಚಿಗುರು ಕೀಟ, ಶಿಲೀಂಧ್ರಗಳನ್ನು ಆಹ್ವಾನಿಸುತ್ತದೆ. ಹೆಚ್ಚು ನೀರು ಬೇಡುತ್ತದೆ. ಬೇರು ಹೀರದೆ ಉಳಿದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕಿಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ ಎಂಬುದನ್ನು ಕೊಳವೆಬಾವಿ ನಂಬಿದ ಬಡಾವಣೆಗಳು ಮರೆಯಬಾರದು.

ಸಾವಯವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಹುಲ್ಲನ್ನು ಬುಡಮಟ್ಟ ಕತ್ತರಿಸದೆ, ಒಮ್ಮೆಗೆ ಎತ್ತರದ ಮೂರನೇ ಒಂದು ಭಾಗವನ್ನಷ್ಟೇ ತೆಗೆಯಬೇಕು. ಕತ್ತರಿಸಿದ ತುಣುಕುಗಳನ್ನು ಅಲ್ಲೇ ಬಿಟ್ಟರೆ ಸಾರಜನಕ ಮಣ್ಣಿಗೇ ಮರಳುತ್ತದೆ. ಜರಡಿ ಹಿಡಿದ ಕಾಂಪೋಸ್ಟ್ ತೆಳುವಾಗಿ ಹರಡಿ, ಬೇವಿನ ಇಲ್ಲವೇ ಹೊಂಗೆಯ ಹಿಂಡಿ ಬೆರೆಸಿದರೆ ಗೊಬ್ಬರವೂ ಆಯಿತು, ಹುಳುವಿನ ಕಾಟವೂ ತಗ್ಗಿತು. ನಿತ್ಯ ಚಿಮುಕಿಸುವುದಕ್ಕಿಂತ, ದಿನ ಬಿಟ್ಟು ಮುಂಜಾನೆ ಆಳಕ್ಕಿಳಿಯುವಂತೆ ನೀರುಣಿಸಿದರೆ ಬೇರೂ ಆಳಕ್ಕಿಳಿಯುತ್ತದೆ.

ವಿಪರ್ಯಾಸವೊಂದುಂಟು. ಹಸಿ ಕಸವನ್ನು ಸಾಧ್ಯವಾದಷ್ಟೂ ಆವರಣದಲ್ಲೇ ಸಂಸ್ಕರಿಸುವಂತೆ 2016ರ ಘನತ್ಯಾಜ್ಯ ನಿಯಮಗಳು ದೊಡ್ಡ ಸಮುಚ್ಚಯಗಳಿಗೆ ವಿಧಿಸಿದವು. ಹಾಗೆ ತಯಾರಾದ ಗೊಬ್ಬರ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದರೆ, ಇನ್ನೊಂದು ಮೂಲೆಯಲ್ಲಿ ಯೂರಿಯಾ ಚೀಲ ಇಳಿಯುತ್ತಿರುತ್ತದೆ!

ಸಾವಯವ ಹುಲ್ಲುಹಾಸಿಗೆ ತಾಳ್ಮೆ ಬೇಕು. ಮೊದಲ ಒಂದೆರಡು ಋತು ಬಣ್ಣ ಕೊಂಚ ಮಂಕಾದೀತು. ಕಳೆಯನ್ನು ಕೈಯಿಂದಲೇ ಕೀಳಬೇಕಾದೀತು, ಅದಕ್ಕೆ ಕೂಲಿಯೂ ಬಿದ್ದೀತು. ಆದರೆ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ ದಿನಗಳನ್ನು ನೆನೆಯೋಣ. ಸಾವಯವ ಅಂಶವಿರುವ ಮಣ್ಣು ತೇವವನ್ನು ಹಿಡಿದಿಡುತ್ತದೆ. ಅಂಥ ಬೇಸಿಗೆಯಲ್ಲಿ ತಾಳಿಕೊಳ್ಳುವುದು ಆ ಮಣ್ಣೇ.

ಗಣೇಶನಿಗೆ ನಾವು ಏರಿಸುವ ಗರಿಕೆ ನಮ್ಮ ಮಣ್ಣಿನ ಬಿಸಿಲು, ಬರ, ತುಳಿತಗಳನ್ನು ಬಲ್ಲ ಹುಲ್ಲು. ಅದೇ ಗರಿಕೆ ‘ಬರ್ಮುಡಾ’ ಎಂಬ ಹೆಸರಿನಲ್ಲಿ ಜಗತ್ತಿನ ಮೈದಾನಗಳನ್ನು ಹೊದ್ದಿದೆ. ಅಲ್ಲಲ್ಲಿ ಒಂದೆಲಗ, ನೆಲನೆಲ್ಲಿ ತಲೆಯೆತ್ತಿದರೆ ಅಂಗಳದ ಅಂದವೇನೂ ಕೆಡದು. ಮುಂದಿನ ನಿವಾಸಿಗಳ ಸಂಘದ ಸಭೆಯಲ್ಲಿ ವಾಹನ ನಿಲುಗಡೆಯ ವಾಗ್ವಾದ ಮುಗಿದ ಮೇಲಾದರೂ ಯಾರಾದರೊಬ್ಬರು ಎದ್ದು ಕೇಳಲಿ: ನಮ್ಮ ಮಕ್ಕಳು ಆಡುವ ಹುಲ್ಲಿಗೆ ಏನು ಹಾಕುತ್ತಿದ್ದೇವೆ?